ಭಾನುವಾರದ ಮಾತುಕತೆ: ಗಿಗಾಬಿಟ್ ಟೆಸ್ಟ್‌ಬೆಡ್‌ಗಳು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಅಮೆರಿಕದ ಗಿಗಾಬಿಟ್ ಟೆಸ್ಟ್‌ಬೆಡ್‌ಗಳ ಬಗ್ಗೆ, ಅಂದರೆ ಸೆಕೆಂಡಿಗೆ ಸುಮಾರು ನೂರು ಕೋಟಿ ಬಿಟ್ ವೇಗದ ಪ್ರಾಯೋಗಿಕ ಕಂಪ್ಯೂಟರ್ ಜಾಲಗಳ ಬಗ್ಗೆ, ಮಾತಾಡೋಣ. ಬರುವ ಮೊದಲು ಇದನ್ನು ಒಮ್ಮೆ ಓದಿಕೊಳ್ಳಿ.

1990ರ ಸುಮಾರಿಗೆ ಅಲ್ಲಿನ ಸಂಶೋಧನಾ ಜಾಲವಾದ ಎನ್‌ಎಸ್‌ಎಫ್‌ನೆಟ್‌ನ ಮುಖ್ಯ ಲೈನುಗಳ ವೇಗ ಸೆಕೆಂಡಿಗೆ 1.5 ಮೆಗಾಬಿಟ್ (15 ಲಕ್ಷ ಬಿಟ್), ಅಷ್ಟೇ. ಆಗಲೇ ಕೆಲವರು ಗಿಗಾಬಿಟ್ ಕನಸು ಕಂಡರು. ಅಲ್ಲಿನ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ಮತ್ತು ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಹಣ ಕೊಟ್ಟವು. ಇಂಟರ್ನೆಟ್‌ನ ಮೂಲ ನಿಯಮಗಳಾದ ಟಿಸಿಪಿ/ಐಪಿ ರೂಪಿಸಿದವರಲ್ಲಿ ಒಬ್ಬರಾದ ಬಾಬ್ ಕಾನ್ ಅವರ ಸಂಶೋಧನಾ ಸಂಸ್ಥೆ ಸಿಎನ್‌ಆರ್‌ಐ ಎಲ್ಲವನ್ನೂ ಜೋಡಿಸಿತು. ಫೋನ್ ಕಂಪನಿಗಳು ಫೈಬರ್ ಲೈನು ಕೊಟ್ಟವು. ಹೀಗೆ ಅರೋರಾ, ಬ್ಲಾಂಕಾ, ಕಾಸಾ, ನೆಕ್ಟಾರ್, ವಿಸ್ಟಾನೆಟ್ ಎಂಬ ಐದು ಟೆಸ್ಟ್‌ಬೆಡ್‌ಗಳು ಹುಟ್ಟಿದವು.

ನನಗೆ ಜಾಸ್ತಿ ಇಷ್ಟವಾದದ್ದು ನಾರ್ತ್ ಕೆರೊಲಿನಾದ ವಿಸ್ಟಾನೆಟ್. ಅಲ್ಲಿನ ಪ್ರಶ್ನೆ ಇದು: ಕ್ಯಾನ್ಸರ್ ರೋಗಿಗೆ ವಿಕಿರಣ ಯಾವ ಕೋನದಿಂದ, ಎಷ್ಟು ಕೊಡಬೇಕು? ಲೆಕ್ಕ ಮಾಡೋದು ಒಂದು ಕಡೆಯ ಕ್ರೇ ಸೂಪರ್‌ಕಂಪ್ಯೂಟರ್, ಚಿತ್ರ ಬಿಡಿಸೋದು ಇನ್ನೊಂದು ಕಡೆಯ ಗ್ರಾಫಿಕ್ಸ್ ಯಂತ್ರ, ನೋಡೋದು ವೈದ್ಯರು. ವೇಗದ ಲೈನು ಯಾರಿಗೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ಇದೆಯಾ?

ಇನ್ನೊಂದು ವಿಷಯವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಫೈಬರ್‌ನಲ್ಲಿ ಬೆಳಕು 4,000 ಕಿ.ಮೀ. ದಾಟಲು ಸುಮಾರು 20 ಮಿಲಿಸೆಕೆಂಡ್ ಬೇಕು. ಲೈನು ಎಷ್ಟೇ ವೇಗದ್ದಾದರೂ ಇದು ಕಡಿಮೆಯಾಗಲ್ಲ, ಅಲ್ವಾ? ಗಿಗಾಬಿಟ್ ವೇಗದಲ್ಲಿ ಮೊದಲ ಬಿಟ್ ಆ ತುದಿ ಮುಟ್ಟುವಷ್ಟರಲ್ಲಿ 2.5 ಮೆಗಾಬೈಟ್ ದಾರಿಯಲ್ಲೇ ಇರುತ್ತದೆ. ಅಷ್ಟರಲ್ಲಿ ಮುಂದೆ ದಟ್ಟಣೆಯಾದರೆ ಕಳಿಸುವವರಿಗೆ ಗೊತ್ತಾಗೋದು ಹೇಗೆ? ಭಾನುವಾರ ಇಲ್ಲಿಂದಲೇ ಶುರು ಮಾಡೋಣ.

ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.