ಸಭೆ ಬಿಟ್ಟವರ ಕೈ ಬಿಡದ ವಿಶ್ವಾಸಿಗಳು

ಮಾನ್ಯ ಸಂಪಾದಕರೇ,

ಕಟ್ಟುನಿಟ್ಟಿನ ಕ್ರೈಸ್ತ ಸಭೆಗಳಿಂದ ಹೊರಬಂದವರು ತಾವು ಉಂಡ ಹೆದರಿಕೆ, ಒತ್ತಡ, ಬಹಿಷ್ಕಾರದ ಬಗ್ಗೆ ಬರೆಯುತ್ತಾರೆ. ಬರೆಯಲೇಬೇಕು. ಆದರೆ ಅಂಥ ಸಭೆಗಳಲ್ಲಿ ಇದ್ದುಕೊಂಡೇ ಹೊರಹೋದವರ ಕೈ ಬಿಡದ ವಿಶ್ವಾಸಿಗಳ ಬಗ್ಗೆ ಒಂದು ಸಾಲೂ ಬರುವುದು ಅಪರೂಪ. ಬಂದರೂ ‘ನೀವು ಉಳಿದ ಕ್ರೈಸ್ತರ ಹಾಗಲ್ಲ, ಅಷ್ಟೊಂದು ಭಕ್ತಿ ಇಟ್ಟುಕೊಂಡಿಲ್ಲ’ ಎಂಬ ಧಾಟಿಯಲ್ಲಿರುತ್ತದೆ. ಹೇಳುವವರು ಇದನ್ನು ಹೊಗಳಿಕೆ ಅಂದುಕೊಂಡಿರುತ್ತಾರೆ, ಕೇಳಿಸಿಕೊಂಡವರ ಮನಸ್ಸು ಮುದುಡುತ್ತದೆ. ಭಕ್ತಿ ಕಡಿಮೆಯಾದ್ದರಿಂದ ಅವರು ಉದಾರಿಗಳಾದದ್ದಲ್ಲ. ಬಹುಪಾಲು ಮಂದಿಯಲ್ಲಿ ಆ ಔದಾರ್ಯ ಹುಟ್ಟಿದ್ದೇ ಭಕ್ತಿಯಿಂದ.

ಬಹಿಷ್ಕಾರವನ್ನೇ ನೋಡಿ. ಅದಕ್ಕೆ ಆಧಾರವಾಗಿ ತೋರಿಸುವ ವಚನಗಳಲ್ಲಿ ಮುಖ್ಯವಾದದ್ದು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ 17ನೇ ವಚನ: ಸಭೆಯ ಮಾತನ್ನೂ ಕೇಳದವನನ್ನು ಅನ್ಯಜನರಂತೆ, ಸುಂಕದವರಂತೆ (ಆಗಿನ ಸಮಾಜ ದೂರವಿಟ್ಟಿದ್ದ ತೆರಿಗೆ ವಸೂಲಿಗಾರರಂತೆ) ಎಣಿಸಬೇಕು ಎನ್ನುತ್ತದೆ ಅದು. 1693ರಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಥ ತನ್ನ ಮೂಲ ಸಭೆಯಿಂದ ಬೇರೆಯಾದಾಗ, ಬಹಿಷ್ಕೃತರ ಜೊತೆ ಊಟಕ್ಕೂ ಕೂರಬಾರದು ಎಂಬ ಪಟ್ಟು ಅದರ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಉದಾರ ವಿಶ್ವಾಸಿಗಳು ಈ ವಚನವನ್ನು ಹಾರಿಸಿ ಓದುವುದಿಲ್ಲ. ಸುಂಕದವರನ್ನು ಯೇಸು ಹೇಗೆ ನಡೆಸಿಕೊಂಡರು ಎಂದು ಕೇಳುತ್ತಾರೆ. ಅದೇ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಯೇಸು ಅವರ ಜೊತೆ ಊಟಕ್ಕೆ ಕೂರುತ್ತಾರೆ. ಸಂಶಯಪಡುವವರಿಗೆ ಕರುಣೆ ತೋರಿಸಬೇಕೆಂದು ಯೂದನ ಪತ್ರದ 22ನೇ ವಚನವೂ ಹೇಳುತ್ತದೆ. ಇದು ಗ್ರಂಥವನ್ನು ಸಡಿಲ ಮಾಡಿಕೊಳ್ಳುವುದಲ್ಲ, ಪೂರ್ತಿ ಓದುವುದು.

ದಿನನಿತ್ಯದಲ್ಲಿ ಈ ವ್ಯತ್ಯಾಸ ಹೆಚ್ಚು ಕಾಣುವುದು ಪ್ರಾರ್ಥನೆಯ ವಿಷಯದಲ್ಲಿ. ಒಬ್ಬರು ತಮ್ಮ ವಿಶ್ವಾಸ ಅಲುಗಾಡುತ್ತಿದೆ ಎಂದು ಆಪ್ತರಿಗೆ ಹೇಳಿಕೊಳ್ಳುತ್ತಾರೆ ಎನ್ನಿ. ಕಟ್ಟುನಿಟ್ಟಿನ ಸಭೆಯಲ್ಲಿ ಅದು ಮುಂದಿನ ಪ್ರಾರ್ಥನಾ ಕೂಟದಲ್ಲಿ ‘ಪ್ರಾರ್ಥನಾ ವಿಷಯ’ವಾಗಿ ಬರುತ್ತದೆ. ಎಲ್ಲರೂ ಕಣ್ಣು ಮುಚ್ಚುತ್ತಾರೆ, ಒಬ್ಬರು ಹೆಸರು ಹಿಡಿದು ‘ಇವರ ಮನಸ್ಸನ್ನು ತಿರುಗಿಸಪ್ಪಾ’ ಎಂದು ಬೇಡುತ್ತಾರೆ. ಆಮೆನ್ ಹೇಳುವಷ್ಟರಲ್ಲಿ ಗುಟ್ಟು ಇಪ್ಪತ್ತು ಜನರ ಪಾಲಾಗಿರುತ್ತದೆ. ಹೆಚ್ಚಿನ ಸಲ ಯಾರಿಗೂ ಕೇಡಿನ ಉದ್ದೇಶವಿರುವುದಿಲ್ಲ, ಆದರೂ ನಂಬಿಕೆ ಒಡೆಯುವುದು ಇಲ್ಲೇ. ಉದಾರ ವಿಶ್ವಾಸಿ ಅದೇ ಮಾತನ್ನು ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ದೇವರಿಗಷ್ಟೇ ಹೇಳುತ್ತಾರೆ, ಮತ್ತಾಯ 6:6ರಲ್ಲಿ ಇರುವಂತೆ. ಎದುರಿಗಿದ್ದಾಗ ‘ನಿಮಗಾಗಿ ಪ್ರಾರ್ಥಿಸಬಹುದೇ?’ ಎಂದು ಕೇಳುತ್ತಾರೆ, ಬೇಡ ಎಂದರೆ ಬೇಡ. ಕಾಯಿಲೆ ಬಿದ್ದಾಗ ಊಟ ತರುತ್ತಾರೆ, ಬುತ್ತಿಯ ಜೊತೆ ಕರಪತ್ರ ಇರುವುದಿಲ್ಲ. ನರಕದ ನಿತ್ಯಯಾತನೆಯನ್ನು ನಿಜಕ್ಕೂ ನಂಬುವವರಿಗೆ ಹೀಗೆ ಸುಮ್ಮನಿರುವುದು ಎಷ್ಟು ಕಷ್ಟ! ತಮ್ಮ ಪ್ರೀತಿಯವರು ಅಲ್ಲಿಗೆ ಹೋಗುತ್ತಾರೇನೋ ಎಂಬ ಅಳುಕನ್ನು ಅವರು ಹೊರಬಂದವರ ತಲೆಗೆ ಕಟ್ಟದೆ ತಾವೇ ಹೊತ್ತುಕೊಂಡಿರುತ್ತಾರೆ. ಹೊರಬಂದವರು ಇದನ್ನು ಗಮನಿಸುವುದು ತೀರಾ ಕಡಿಮೆ.

ಈ ಸಂಯಮವನ್ನು ಸಂಸ್ಥೆಗಳ ನಿಯಮವನ್ನಾಗಿಯೇ ಮಾಡಿದವರಿದ್ದಾರೆ. ಲಂಡನ್ನಿನಲ್ಲಿ 1953ರಲ್ಲಿ ‘ಸಮಾರಿಟನ್ಸ್’ ಸಹಾಯವಾಣಿ ಆರಂಭಿಸಿದ ಚಾಡ್ ವಾರಾ ಆಂಗ್ಲಿಕನ್ ಪಾದ್ರಿ. ಆತ್ಮಹತ್ಯೆಯ ಯೋಚನೆಯಲ್ಲಿ ಕರೆ ಮಾಡಿದವರ ಮೇಲೆ ಸ್ವಯಂಸೇವಕರು ತಮ್ಮ ಧರ್ಮವನ್ನು ಹೇರುವಂತಿಲ್ಲ ಎಂಬುದು ಅಲ್ಲಿನ ಮೂಲತತ್ವ. 1967ರಲ್ಲಿ ಅಲ್ಲೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಸಾವಿನಂಚಿನ ರೋಗಿಗಳ ಆರೈಕೆ ಕೇಂದ್ರ) ತೆರೆದ ಸಿಸಿಲಿ ಸಾಂಡರ್ಸ್ ಆಳವಾದ ಭಕ್ತೆ. ಅವರ ಹಾಸ್ಪಿಸ್ ಧರ್ಮ ಇರುವ, ಇಲ್ಲದ ಎಲ್ಲ ರೋಗಿಗಳಿಗೂ ತೆರೆದಿತ್ತು. ಕ್ಯಾಥೊಲಿಕ್ ಧರ್ಮಸಭೆಯ ಎರಡನೇ ವ್ಯಾಟಿಕನ್ ಪರಿಷತ್ತು 1965ರ ಡಿಸೆಂಬರ್‌ನಲ್ಲಿ ಹೊರಡಿಸಿದ ‘ಗೌದಿಯುಂ ಎತ್ ಸ್ಪೆಸ್’ ದಾಖಲೆಯ 19ನೇ ಪರಿಚ್ಛೇದವಂತೂ, ನಾಸ್ತಿಕತೆ ಹುಟ್ಟಲು ವಿಶ್ವಾಸಿಗಳ ನಡತೆಯೂ ಒಂದು ಕಾರಣವಾಗಿರಬಹುದು ಎಂದು ಒಪ್ಪಿಕೊಂಡಿತು.

ಎರಡೂ ಕಡೆಯವರು ಚೆನ್ನಾಗಿ ನಡೆದುಕೊಂಡ ನಿದರ್ಶನ ಬೇಕಿದ್ದರೆ ವಿಕಾಸವಾದದ ವಿಜ್ಞಾನಿ ಡಾರ್ವಿನ್ ಇದ್ದಾರೆ. ಕ್ರೈಸ್ತ ವಿಶ್ವಾಸ ಕಳೆದುಕೊಂಡ ಮೇಲೂ ಅವರು ತಮ್ಮ ಡೌನ್ ಗ್ರಾಮದಲ್ಲಿ ಬಡವರಿಗೆ ನೆರವಾಗುವ ಚರ್ಚಿನ ಕಲ್ಲಿದ್ದಲು ಮತ್ತು ಬಟ್ಟೆ ಕ್ಲಬ್ಬಿನ ಲೆಕ್ಕಪತ್ರ ನೋಡಿಕೊಂಡರು. ಅಲ್ಲಿನ ಪಾದ್ರಿ ಜಾನ್ ಬ್ರೋಡಿ ಇನ್ನೆಸ್ ಕೊನೆಯವರೆಗೂ ಸ್ನೇಹಿತರಾಗಿಯೇ ಉಳಿದರು, ಅಭಿಪ್ರಾಯ ಮಾತ್ರ ಕೂಡಲಿಲ್ಲ. ಡಾರ್ವಿನ್ನರ ‘ಆರಿಜಿನ್ ಆಫ್ ಸ್ಪೀಶೀಸ್’ ಗ್ರಂಥದ ಪರವಾಗಿ ಅಮೆರಿಕದಲ್ಲಿ ದುಡಿದ ಸಸ್ಯವಿಜ್ಞಾನಿ ಏಸಾ ಗ್ರೇ ಪ್ರೆಸ್ಬಿಟೀರಿಯನ್ ಪಂಥದ ನಿಷ್ಠಾವಂತ ಕ್ರೈಸ್ತ.

ಹಾಗಾದರೆ ಹೊರಬಂದವರು ಮಾಡಬಹುದಾದದ್ದೇನು? ಮದುವೆ, ಶವಸಂಸ್ಕಾರಕ್ಕೆ ಕರೆದರೆ ಹೋಗಬೇಕು. ಎಲ್ಲರೂ ಎದ್ದು ನಿಂತಾಗ ಎದ್ದು ನಿಂತರೆ ಸಾಕು. ಮೊಣಕಾಲೂರುವುದು, ವಿಶ್ವಾಸ ಪ್ರಮಾಣ ಹೇಳುವುದು ಕಡ್ಡಾಯವಲ್ಲ. ಪರಮಪ್ರಸಾದದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ) ಸಾಲು ಹೊರಟಾಗ ಜಾಗದಲ್ಲೇ ಕುಳಿತಿರಿ, ಪಕ್ಕದವರಿಗೆ ದಾರಿ ಬಿಡಿ. ಮರ್ಯಾದೆಗೆಂದು ಹೋಗಿ ಸ್ವೀಕರಿಸಿದರೆ ಅದನ್ನು ಪವಿತ್ರವೆಂದು ನಂಬುವವರಿಗೇ ನೋವಾಗುತ್ತದೆ. ಮಗುವಿನ ದೀಕ್ಷಾಸ್ನಾನದಲ್ಲಿ ಗಾಡ್‌ಪೇರೆಂಟ್ (ವಿಶ್ವಾಸದಲ್ಲಿ ಮಗುವಿಗೆ ಆಸರೆಯಾಗುವ ಧರ್ಮಪೋಷಕರು) ಆಗಲು ಕೇಳಿದರೆ ಪ್ರೀತಿಗೆ ಸೋತು ಒಪ್ಪಿಕೊಳ್ಳಬೇಡಿ. ಕ್ಯಾಥೊಲಿಕ್ ನಿಯಮಸಂಹಿತೆಯ 874ನೇ ವಿಧಿಯಂತೆ ಆ ಸ್ಥಾನಕ್ಕೆ ದೃಢೀಕರಣ ಎಂಬ ಸಂಸ್ಕಾರ ಪಡೆದ, ವಿಶ್ವಾಸಕ್ಕೆ ತಕ್ಕಂತೆ ಬಾಳುವ ಕ್ಯಾಥೊಲಿಕರೇ ಬೇಕು. ನಂಬದ ಮಾತನ್ನು ಪ್ರಮಾಣ ಮಾಡುವುದಕ್ಕಿಂತ ಕಾರಣ ಹೇಳಿ, ಮಗುವಿಗೆ ಬೇರೆ ರೀತಿಯಲ್ಲಿ ಆಸರೆಯಾಗುತ್ತೇನೆ ಎನ್ನುವುದು ಲೇಸು.

ಕೃತಜ್ಞತೆ ಹೇಳುವಾಗ ಅವರು ಮಾಡಿದ್ದೇನು ಎಂಬುದನ್ನೇ ಹೇಳಿ: ‘ನನ್ನ ಮಾತನ್ನು ಯಾರಿಗೂ ದಾಟಿಸಲಿಲ್ಲ’, ‘ಮನೆಗೆ ಮೊದಲಿನಂತೆಯೇ ಕರೆದಿರಿ’. ಅದರ ಬೆನ್ನಿಗೇ ದೇವರಿದ್ದಾನೋ ಇಲ್ಲವೋ ಎಂಬ ವಾದ ತೆಗೆಯಬೇಡಿ. ಇನ್ನೊಂದು ಎಚ್ಚರಿಕೆಯೂ ಬೇಕು. ಬಹಿಷ್ಕಾರ ಪಾಲಿಸುವ ಸಭೆಗಳಲ್ಲಿ ಹೊರಹೋದವರ ಜೊತೆ ಒಡನಾಟ ಇಟ್ಟುಕೊಂಡವರೂ ಶಿಸ್ತುಕ್ರಮಕ್ಕೆ ಗುರಿಯಾಗಬಹುದು. ಅಂಥವರನ್ನು ಹೆಸರು ಹಿಡಿದು ಸಾಮಾಜಿಕ ಜಾಲತಾಣದಲ್ಲಿ ಹೊಗಳಿದರೆ ಉಪಕಾರಕ್ಕೆ ಅಪಕಾರ ಮಾಡಿದಂತೆ. ಎದುರು ಕೂತು ಹೇಳಿ, ಇಲ್ಲವೇ ಅವರೊಬ್ಬರಿಗೇ ತಲುಪುವಂತೆ ಕಾಗದ ಬರೆಯಿರಿ.

ಇಂತಿ,
ಓದುಗರೊಬ್ಬರು