ಜಲಾಶಯದ ಪಟ್ಟಿಯಲ್ಲಿ ಅಡಿಯ ಜೊತೆಗೆ ಟಿಎಂಸಿಯೂ ಇರಲಿ

ಮಾನ್ಯ ಸಂಪಾದಕರೇ,

ಮುಂಗಾರು ಹಿಡಿದ ದಿನದಿಂದ ನಿಮ್ಮ ಪತ್ರಿಕೆಯಲ್ಲಿ ಬರುವ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ಭದ್ರಾ ಅಚ್ಚುಕಟ್ಟಿನ ನಮ್ಮ ಊರುಗಳಲ್ಲಿ ಉಳಿದೆಲ್ಲ ಸುದ್ದಿಗಿಂತ ಮೊದಲು ಓದುತ್ತಾರೆ. ಸಸಿಮಡಿ ಯಾವಾಗ ಹಾಕುವುದು, ಬೇಸಿಗೆ ಬೆಳೆಗೆ ನೀರು ಸಿಕ್ಕೀತೇ, ಅಡಿಕೆ ತೋಟಕ್ಕೆ ಕೊಳವೆಬಾವಿಯನ್ನೇ ನಂಬಬೇಕೇ ಎಂಬ ಲೆಕ್ಕಾಚಾರಗಳೆಲ್ಲ ಆ ಪಟ್ಟಿಯಿಂದಲೇ ಶುರುವಾಗುತ್ತವೆ. ಆದರೆ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ನೀರು ಎಷ್ಟಿದೆ ಎಂಬುದು ತಿಳಿಯುವುದಿಲ್ಲ.

ಗರಿಷ್ಠ ಮಟ್ಟವನ್ನೇ ನೋಡಿ: ಲಿಂಗನಮಕ್ಕಿಗೆ 1819 ಅಡಿ, ಭದ್ರಾಕ್ಕೆ 186 ಅಡಿ, ಗಾಜನೂರಿನ ತುಂಗಾ ಅಣೆಕಟ್ಟೆಗೆ 588.24 ಮೀಟರ್. ಲಿಂಗನಮಕ್ಕಿ ಮತ್ತು ಗಾಜನೂರಿನದು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರ, ಭದ್ರಾದ್ದು ಅಣೆಕಟ್ಟೆಯ ಸ್ಥಳದಲ್ಲೇ ಗುರುತಿಸಿಕೊಂಡ ಸೊನ್ನೆಯಿಂದ ಎಣಿಸಿದ್ದು. ಈ ಮೂರನ್ನು ಅಕ್ಕಪಕ್ಕ ಇಟ್ಟು ಓದುವವರಿಗೆ ಹೋಲಿಕೆಯೇ ಸಾಧ್ಯವಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಅಡಿಯದ್ದೇ. ಕಣಿವೆಗೆ ಕಟ್ಟೆ ಹಾಕಿದ ಜಲಾಶಯ ಬಾಣಲೆಯಂತೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಲಿಂಗನಮಕ್ಕಿ ತುಂಬಿದಾಗ ಹಿನ್ನೀರು 300 ಚದರ ಕಿಲೋಮೀಟರಿಗೂ ಹೆಚ್ಚು ಹರಡುವುದರಿಂದ ಮೇಲಿನ ಒಂದೇ ಒಂದು ಅಡಿಯಲ್ಲಿ 3 ಟಿಎಂಸಿಗೂ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಮಿಕ್ಕಿ ನೀರಿರುತ್ತದೆ, ಅಂದರೆ ಗಾಜನೂರಿನ ಇಡೀ ಸಂಗ್ರಹವಾದ 3.24 ಟಿಎಂಸಿಗೆ ಹೆಚ್ಚುಕಡಿಮೆ ಸಮ. ಅದೇ ಲಿಂಗನಮಕ್ಕಿಯಲ್ಲಿ ಬೇಸಿಗೆಯ ಕೊನೆಗೆ ಇಳಿಯುವ ಒಂದು ಅಡಿಯ ತೂಕ ಇದಕ್ಕಿಂತ ಎಷ್ಟೋ ಕಡಿಮೆ. ಭದ್ರಾದಲ್ಲೂ ತುಂಬಿದ ಹೊತ್ತಿನಲ್ಲಿ ಒಂದು ಅಡಿ ಇಳಿದರೆ ಒಂದು ಟಿಎಂಸಿಗೂ ಹೆಚ್ಚು ನೀರು ಹೋದಂತೆ. ಹೀಗಿರುವಾಗ "ಹತ್ತೇ ಅಡಿ ಇಳಿದಿದೆ, ಚಿಂತೆಯಿಲ್ಲ" ಎಂದು ಡೈರಿಯ ಕಟ್ಟೆಯ ಮೇಲೆ ಕೂತು ಮಾತಾಡುವ ರೈತರನ್ನು ದೂರುವಂತಿಲ್ಲ. ಅವರ ಕೈಗೆ ನಾವು ಕೊಟ್ಟಿರುವುದು ಅಡಿಯ ಲೆಕ್ಕವನ್ನೇ.

ಕ್ಯುಸೆಕ್ ಮತ್ತು ಟಿಎಂಸಿಯನ್ನು ಬೆರೆಸಿ ಬರೆಯುವುದೂ ಆಗಾಗ ಕಣ್ಣಿಗೆ ಬೀಳುತ್ತದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ಹರಿವು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್ ಸಂಗ್ರಹ. "ಜಲಾಶಯದಲ್ಲಿ ಇಷ್ಟು ಸಾವಿರ ಕ್ಯುಸೆಕ್ ನೀರಿದೆ" ಎಂಬ ವಾಕ್ಯಕ್ಕೆ ಅರ್ಥವೇ ಇಲ್ಲ. ಇವೆರಡನ್ನೂ ಕೂಡಿಸುವುದು ಒಂದೇ ಸಂಖ್ಯೆ: 11,574 ಕ್ಯುಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ. ಭದ್ರಾ ಬಲದಂಡೆ ನಾಲೆಯಲ್ಲಿ 2,650 ಕ್ಯುಸೆಕ್ ಹರಿಸಿದರೆ ಒಂದು ಟಿಎಂಸಿ ನಾಲ್ಕೂವರೆ ದಿನದೊಳಗೆ ಮುಗಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಲಕ್ಷ ಜನರಿರುವ ಊರಿಗೆ ಕೊಟ್ಟರೆ ಅಷ್ಟೇ ನೀರು ಐದೂವರೆ ವರ್ಷಕ್ಕೂ ಹೆಚ್ಚು ಬರುತ್ತದೆ. ನಾಲೆಗೆ ನೀರು ಬಿಡುವ ದಿನಗಳ ಬಗ್ಗೆ ಸಲಹಾ ಸಮಿತಿಯಲ್ಲಿ ವರ್ಷ ವರ್ಷ ನಡೆಯುವ ಜಗ್ಗಾಟವನ್ನು ಈ ಲೆಕ್ಕ ಕೈಯಲ್ಲಿಟ್ಟುಕೊಂಡು ನೋಡಿದರೆ ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದು ಕೂಡಲೇ ಗೊತ್ತಾಗುತ್ತದೆ.

ತುಂಬಿದ ನೀರೆಲ್ಲ ಬಳಕೆಗೆ ಸಿಗುವುದೂ ಇಲ್ಲ. ಭದ್ರಾದ ಒಟ್ಟು ಸಾಮರ್ಥ್ಯ 71.5 ಟಿಎಂಸಿ ಎಂದು ಬರೆಯುತ್ತೇವೆ. ಅದರಲ್ಲಿ ಸುಮಾರು 8.5 ಟಿಎಂಸಿ ತೂಬಿನ ಮಟ್ಟಕ್ಕಿಂತ ಕೆಳಗಿನ ನೀರು, ನಾಲೆಗೆ ಏರುವಂಥದ್ದಲ್ಲ. ಇನ್ನು ಹೂಳು. ಕೂಡ್ಲಿಯಲ್ಲಿ ಒಂದಾದ ನಮ್ಮ ತುಂಗೆ, ಭದ್ರೆಯರ ನೀರು ಹೋಗಿ ನಿಲ್ಲುವ ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕೆ ಆರಂಭದಲ್ಲಿ ಸುಮಾರು 133 ಟಿಎಂಸಿ ಸಾಮರ್ಥ್ಯವಿತ್ತು. ಹೂಳಿನಿಂದ ಅದೀಗ 105.79 ಟಿಎಂಸಿಗೆ ಇಳಿದಿದೆ. ಅಷ್ಟಾದರೂ ಅಲ್ಲಿನ ಗರಿಷ್ಠ ಮಟ್ಟದ ಅಂಕಿ ಒಂದಿಷ್ಟೂ ಕದಲಿಲ್ಲ, ಏಕೆಂದರೆ ಮಟ್ಟಕ್ಕೆ ಹೂಳು ಕಾಣುವುದಿಲ್ಲ.

ಆದ್ದರಿಂದ ಪಟ್ಟಿಯಲ್ಲಿ ಮಟ್ಟದ ಜೊತೆಗೆ ಒಟ್ಟು ಸಂಗ್ರಹ, ಬಳಕೆಗೆ ಸಿಗುವ ಸಂಗ್ರಹ ಮತ್ತು ಕಳೆದ ವರ್ಷ ಇದೇ ದಿನದ ಸಂಗ್ರಹವನ್ನು ಟಿಎಂಸಿಯಲ್ಲಿ ಕೊಡಬೇಕೆಂದು ಕೋರುತ್ತೇನೆ. ಯಾವ ಮಟ್ಟಕ್ಕೆ ಎಷ್ಟು ನೀರು ಎಂಬ ಕೋಷ್ಟಕ ಪ್ರತಿ ಅಣೆಕಟ್ಟೆಯ ಎಂಜಿನಿಯರುಗಳ ಬಳಿ ಇದ್ದೇ ಇರುತ್ತದೆ. ಗೇಜ್ ಓದಿದ ಕೂಡಲೇ ಅವರು ಸಂಗ್ರಹವನ್ನು ತೆಗೆಯುವುದು ಅದರಿಂದಲೇ. ಆ ಅಂಕಿಯನ್ನು ಕೇಳಿ ಪಡೆದು ಅಚ್ಚು ಹಾಕಲು ಹೆಚ್ಚಿನ ಶ್ರಮವಾಗಲಿ ಖರ್ಚಾಗಲಿ ಇಲ್ಲ. ಕೋಷ್ಟಕವನ್ನು ಯಾವ ವರ್ಷದ ಹೂಳಿನ ಸಮೀಕ್ಷೆಯ ಮೇಲೆ ಸಿದ್ಧಪಡಿಸಿದ್ದಾರೆ ಎಂಬ ಒಂದು ಸಾಲು ಪಟ್ಟಿಯ ಕೆಳಗೆ ಇದ್ದರೆ ಅಂಕಿಯನ್ನು ಎಷ್ಟು ನಂಬಬಹುದೆಂಬುದನ್ನು ಓದುಗರೇ ತೂಗಿ ನೋಡಬಲ್ಲರು.

ಇತಿ,
ಭದ್ರಾ ಅಚ್ಚುಕಟ್ಟಿನ ಒಬ್ಬ ರೈತ
ಭದ್ರಾವತಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ