ಬಳ್ಳಿಯ ಬುಡಕ್ಕೆ ಕೆಲಸಕ್ಕೆ ಬಾರದ ಅರ್ಧ ಮದ್ದು ಏಕೆ?

ಮಾನ್ಯ ಸಂಪಾದಕರೇ,

ಕಾಳುಮೆಣಸಿನ ಶೀಘ್ರ ಸೊರಗು ರೋಗದ ಬಗ್ಗೆ ತಮ್ಮ ಕೃಷಿ ಪುಟದಲ್ಲಿ ಬಂದ ಬರಹವನ್ನು ಓದಿದೆ. ಬಸಿಗಾಲುವೆ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಮಳೆ ಹಿಡಿಯುವ ಮೊದಲು ಬುಡಕ್ಕೆ ಹೊಯ್ಯಬೇಕಾದ ಮದ್ದು, ಎಲ್ಲವೂ ಅದರಲ್ಲಿತ್ತು. ಆದರೆ ಮೆಟಲಾಕ್ಸಿಲ್ ಎಂಬ ಮದ್ದಿನ ಹೆಸರನ್ನು ಕೊಟ್ಟ ಲೇಖಕರು ಯಾವ ಮೆಟಲಾಕ್ಸಿಲ್ ಎಂಬುದನ್ನು ಹೇಳಲಿಲ್ಲ. ಮೂರು ದಶಕ ಹೈಯರ್ ಸೆಕೆಂಡರಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ, ಈಗ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಗಳನ್ನು ನೋಡಿಕೊಂಡಿರುವ ನನಗೆ ಈ ಮೌನ ಸಣ್ಣದೆಂದು ತೋರುವುದಿಲ್ಲ.

ಅಂಗಡಿಯಲ್ಲಿ ಎರಡು ಬಗೆಯ ಪೊಟ್ಟಣಗಳಿವೆ. ಒಂದರ ಮೇಲೆ ಮೆಟಲಾಕ್ಸಿಲ್ ಶೇ 8, ಜೊತೆಗೆ ಮ್ಯಾಂಕೋಜೆಬ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಶೇ 64 ಎಂದಿದೆ. ಇನ್ನೊಂದರ ಮೇಲೆ ಮೆಟಲಾಕ್ಸಿಲ್-ಎಂ ಶೇ 4, ಮ್ಯಾಂಕೋಜೆಬ್ ಶೇ 64 ಎಂದಿದೆ. ನಾಲ್ಕು ಎಂದರೆ ಸತ್ವ ಕಡಿಮೆ, ಎಂಟು ಎಂದರೆ ಗಟ್ಟಿ ಎಂದು ಎಣಿಸಿ ನಮ್ಮ ಕಡೆಯ ಬಹಳ ಜನ ಎಂಟನ್ನೇ ಕೇಳಿ ಒಯ್ಯುತ್ತಾರೆ. ವಾಸ್ತವದಲ್ಲಿ ರೋಗಾಣುವಿನ ಮೇಲೆ ಕೆಲಸ ಮಾಡುವ ಅಂಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಂಟರಲ್ಲಿ ಉಳಿದ ಅರ್ಧ ಬಳ್ಳಿಗೆ ಹೆಚ್ಚಿನ ಪ್ರಯೋಜನವಿಲ್ಲದೆ ಮಣ್ಣಿಗೆ ಸೇರುವ ಅಣುಗಳು.

ಸಾಮಾನ್ಯ ಶಂಖವನ್ನೂ ಬಲಮುರಿ ಶಂಖವನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದು ಇನ್ನೊಂದರ ಕನ್ನಡಿಯ ಬಿಂಬ. ಹೇಗೆ ತಿರುಗಿಸಿದರೂ ಎರಡೂ ಒಂದೇ ಆಗುವುದಿಲ್ಲ. ಕಾರ್ಬನ್ ಪರಮಾಣುವೊಂದಕ್ಕೆ ನಾಲ್ಕು ಬೇರೆ ಬೇರೆ ಗುಂಪುಗಳು ಸೇರಿಕೊಂಡಾಗಲೂ ಹೀಗೆಯೇ ಎರಡು ಸುರುಳಿಗಳು ಸಾಧ್ಯ. ಇಂಥವನ್ನು ಕೈರಲ್ ಅಣುಗಳು ಎನ್ನುತ್ತೇವೆ. ಮೆಟಲಾಕ್ಸಿಲ್‌ನಲ್ಲಿ ಅಂಥದೊಂದು ಕಾರ್ಬನ್ ಇದೆ: ಒಂದು ಕಡೆ ಹೈಡ್ರೊಜನ್, ಒಂದು ಕಡೆ ಮೀಥೈಲ್, ಒಂದು ಕಡೆ ಎಸ್ಟರ್, ಮತ್ತೊಂದು ಕಡೆ ನೈಟ್ರೊಜನ್. ಹುಟ್ಟುವ ಎರಡು ರೂಪಗಳಿಗೆ ಆರ್ ಮತ್ತು ಎಸ್ ಎಂದು ಹೆಸರು. ಸೊರಗು ರೋಗ ತರುವ ಫೈಟೊಫ್ತೊರಾ ಎಂಬ ರೋಗಾಣುವಿನ ಆರ್‌ಎನ್‌ಎ ತಯಾರಿಕೆಗೆ ಅಡ್ಡ ನಿಲ್ಲುವುದು ಮುಖ್ಯವಾಗಿ ಆರ್ ರೂಪ. ಮೆಟಲಾಕ್ಸಿಲ್-ಎಂ ಎಂದರೆ ಬಹುಪಾಲು ಈ ಆರ್ ಮಾತ್ರ. ಬರಿಯ ಮೆಟಲಾಕ್ಸಿಲ್ ಎಂದರೆ ಎರಡೂ ಸಮಸಮ.

ಲೆಕ್ಕ ಮಾಡಿ ನೋಡಿ. ಶೇ 8ರ ಪೊಟ್ಟಣದಿಂದ ಲೀಟರಿಗೆ 1.25 ಗ್ರಾಂ ಕಲಸಿದರೆ ಅದರಲ್ಲಿ 100 ಮಿಲಿಗ್ರಾಂ ಮೆಟಲಾಕ್ಸಿಲ್, ಅದರೊಳಗೆ 50 ಮಿಲಿಗ್ರಾಂ ಬೇಡದ ಎಸ್. ಬುಡವೊಂದಕ್ಕೆ 5 ಲೀಟರ್ ಹೊಯ್ದರೆ ಕಾಲು ಗ್ರಾಂ. 400 ಬಳ್ಳಿಗಳ ತೋಟಕ್ಕೆ ಒಂದು ಸುತ್ತಿನಲ್ಲಿ 100 ಗ್ರಾಂ. ಒಂದು ತೋಟಕ್ಕೆ ಅದು ಕಡಿಮೆ ಎನಿಸಬಹುದು. ಆದರೆ ಮೆಟಲಾಕ್ಸಿಲ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು, ಒಂದು ಲೀಟರಿನಲ್ಲಿ 8 ಗ್ರಾಂಗಿಂತಲೂ ಹೆಚ್ಚು ಕರಗುತ್ತದೆ. ನಮ್ಮ ಪಂಚಾಯತಿನಲ್ಲಿ ಎಷ್ಟೋ ಮನೆಗಳು ಇಂದಿಗೂ ಸುರಂಗದ ನೀರು ಕುಡಿಯುತ್ತವೆ. ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಆ ಸುರಂಗಗಳಿಗೆ ನೀರು ಇಳಿಯುವುದು ಮೇಲಿನ ಮಣ್ಣಿನಿಂದಲೇ, ಮತ್ತು ಈಗ ತೋಟಗಳು ಗುಡ್ಡೆಯ ಮೇಲೂ ಏರಿವೆ.

ಎರಡೂ ರೂಪಗಳನ್ನು ಬೇರ್ಪಡಿಸದೆ ಏಕೆ ಮಾರುತ್ತಾರೆ ಎಂಬ ಪ್ರಶ್ನೆ ಸಹಜ. ಪ್ರಯೋಗಾಲಯದ ಮಾಮೂಲು ಕ್ರಿಯೆಯಲ್ಲಿ ಎರಡೂ ಸಮವಾಗಿಯೇ ಹುಟ್ಟುತ್ತವೆ. ಎರಡಕ್ಕೂ ಕುದಿಬಿಂದು ಒಂದೇ, ಸಾಂದ್ರತೆ ಒಂದೇ. ಆದ್ದರಿಂದ ಬಟ್ಟಿ ಇಳಿಸಿ ಬೇರ್ಪಡಿಸುವಂತಿಲ್ಲ. 1848ರಲ್ಲಿ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣವೊಂದರ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಇಕ್ಕುಳದಿಂದ ಎಡ, ಬಲ ಎಂದು ಆರಿಸಿದರು. ಟನ್‌ಗಟ್ಟಲೆ ಮದ್ದಿಗೆ ಆ ದಾರಿ ನಡೆಯುವುದಿಲ್ಲ. ಬೇಕಾದ ರೂಪವೇ ಹೆಚ್ಚಾಗಿ ಹುಟ್ಟುವಂತೆ ಕ್ರಿಯೆಯನ್ನೇ ನಡೆಸುವುದು ಒಂದು ಒಳ್ಳೆಯ ದಾರಿ. ಅದಕ್ಕೆ ಬೇಕಾದದ್ದು ತಾನೇ ಕೈರಲ್ ಆಗಿರುವ ವೇಗವರ್ಧಕ. ಅದರ ಒಂದು ಅಣು ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಅಣುಗಳನ್ನು ಒಂದೇ ಸುರುಳಿಗೆ ತಿರುಗಿಸಿ ಕಳುಹಿಸುತ್ತದೆ.

ಇದರ ವಿನ್ಯಾಸ ಎಷ್ಟು ತಾಳ್ಮೆಯ ಕೆಲಸ ಎಂಬುದನ್ನು ಓದುಗರು ತಿಳಿಯಬೇಕು. ಅಮೆರಿಕದ ವಿಲಿಯಂ ನೋಲ್ಸ್ 1968ರಲ್ಲಿ ರೋಡಿಯಂ ಲೋಹಕ್ಕೆ ಫಾಸ್ಫೀನ್ ಎಂಬ, ರಂಜಕವಿರುವ ಕೈರಲ್ ಅಣುವೊಂದನ್ನು ಜೋಡಿಸಿ ಹೈಡ್ರೊಜನ್ ಸೇರಿಸಿದಾಗ ಒಂದು ರೂಪ ಇನ್ನೊಂದಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಶೇ 15ರಷ್ಟು ಮಾತ್ರ. ಯಾವ ಕಾರ್ಖಾನೆಗೂ ಅದು ಸಾಲದು. ಆದರೆ ದಾರಿ ಇದೆ ಎಂಬುದು ಗೊತ್ತಾಯಿತು. 1971ರಲ್ಲಿ ಫ್ರಾನ್ಸಿನ ಆನ್ರಿ ಕಗಾನ್ ಟಾರ್ಟಾರಿಕ್ ಆಮ್ಲದಿಂದ, ಅಂದರೆ ನಮ್ಮ ಹುಣಸೆ ಹುಳಿಯಲ್ಲಿ ಒಂದೇ ಸುರುಳಿಯಲ್ಲಿ ತುಂಬಿರುವ ಅದೇ ಆಮ್ಲದಿಂದ, ಹೊಸ ಫಾಸ್ಫೀನ್ ಕಟ್ಟಿದರು. ಲೋಹವನ್ನು ಎರಡು ತೋಳುಗಳಿಂದ ಹಿಡಿಯುವ, ಅರ್ಧ ಸುತ್ತು ತಿರುಗಿಸಿದರೂ ಹಾಗೆಯೇ ಕಾಣುವ ರಚನೆ ಅದು. ಅಂಥ ಸಮ್ಮಿತಿ ಇದ್ದರೆ ಕ್ರಿಯೆ ಸಾಗಬಹುದಾದ ದಾರಿಗಳ ಸಂಖ್ಯೆ ಕಡಿಮೆಯಾಗುತ್ತದೆ, ಯಾವ ಗುಂಪು ಎಲ್ಲಿ ತಡೆಯುತ್ತಿದೆ ಎಂಬುದನ್ನು ಊಹಿಸುವುದು ಸುಲಭವಾಗುತ್ತದೆ. ನೋಲ್ಸ್ ಅವರ ತಂಡ ಆಮೇಲೆ ಇಂಥದೇ ಎರಡು ತೋಳಿನ ರಚನೆಯಿಂದ ಪಾರ್ಕಿನ್ಸನ್ ಕಾಯಿಲೆಯ ಎಲ್-ಡೋಪಾ ಔಷಧವನ್ನು ಶೇ 95ರ ಶುದ್ಧತೆಯವರೆಗೆ ಒಯ್ದಿತು. ನೋಲ್ಸ್, ರ್ಯೋಜಿ ನೊಯೊರಿ, ಬ್ಯಾರಿ ಶಾರ್ಪ್‌ಲೆಸ್ 2001ರ ನೊಬೆಲ್ ಹಂಚಿಕೊಂಡರು. 2021ರಲ್ಲಿ ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್ ಅವರಿಗೆ ಬಂದ ನೊಬೆಲ್ ಲೋಹವೇ ಇಲ್ಲದ ವೇಗವರ್ಧಕಗಳಿಗೆ. ಲಿಸ್ಟ್ ಬಳಸಿದ್ದು ಪ್ರೋಲಿನ್ ಎಂಬ ಅಮೈನೊ ಆಮ್ಲ.

ಒಂದು ರೂಪ 99, ಇನ್ನೊಂದು 1 ಎಂಬ ಪ್ರಮಾಣದಲ್ಲಿ ಸಿಗಬೇಕಾದರೆ ಕೋಣೆಯ ಉಷ್ಣತೆಯಲ್ಲಿ ಎರಡು ದಾರಿಗಳ ನಡುವೆ ಮೋಲ್‌ಗೆ ಸುಮಾರು 2.7 ಕಿಲೊಕ್ಯಾಲರಿ ಶಕ್ತಿಯ ವ್ಯತ್ಯಾಸ ಸಾಕು. ನೀರಿನ ಎರಡು ಅಣುಗಳನ್ನು ಹಿಡಿದಿಡುವ ಹೈಡ್ರೊಜನ್ ಬಂಧಕ್ಕೆ ಇರುವ ಬಲದ ಸುಮಾರು ಅರ್ಧ! ಅಷ್ಟು ಚಿಕ್ಕ ಅಂತರವನ್ನು ಬೇಕಾದ ಕಡೆಗೇ ಹುಟ್ಟಿಸಲು ಗುಂಪೊಂದನ್ನು ಇಲ್ಲಿಂದ ಅಲ್ಲಿಗೆ ಸರಿಸಿ, ಮತ್ತೆ ಅಳೆದು, ಮತ್ತೆ ಸರಿಸಿ ವರ್ಷಗಟ್ಟಲೆ ದುಡಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಇದು ದುಬಾರಿ ಔಷಧಗಳಿಗೆ ಮಾತ್ರ ಸರಿ, ತೋಟದ ಮದ್ದಿಗೆ ಆಗದು ಎನ್ನುವವರಿಗೆ ಮೆಟೊಲಕ್ಲೋರ್ ಎಂಬ ಕಳೆನಾಶಕವೇ ಉತ್ತರ. ಅದಕ್ಕೆ ನಾಲ್ಕು ರೂಪಗಳಿವೆ, ಕಳೆಯನ್ನು ಕೊಲ್ಲುವ ಗುಣ ಬಹುಪಾಲು ಎರಡರಲ್ಲೇ ಇದೆ. ಸ್ವಿಟ್ಜರ್‌ಲೆಂಡಿನ ರಸಾಯನಶಾಸ್ತ್ರಜ್ಞರು ಇದು 1982ರಲ್ಲಿ ಗೊತ್ತಾದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಇರಿಡಿಯಂ ಲೋಹಕ್ಕೆ ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತದ ಆಧಾರದ ಫಾಸ್ಫೀನ್ ಜೋಡಿಸಿದ ವೇಗವರ್ಧಕವನ್ನು 1996ರಲ್ಲಿ ಕಾರ್ಖಾನೆಗೆ ತಂದರು. ಅದರ ಒಂದು ಅಣು ಹತ್ತು ಲಕ್ಷಕ್ಕೂ ಹೆಚ್ಚು ಅಣುಗಳನ್ನು ತಯಾರಿಸುತ್ತದೆ. ಶುದ್ಧತೆ ಶೇ 80ರ ಆಸುಪಾಸು, ಅಷ್ಟೇ. ಅಷ್ಟರಿಂದಲೇ ಹೊಲಕ್ಕೆ ಬೀಳುವ ಪ್ರಮಾಣ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಯಿತು. ಆ ಫಾಸ್ಫೀನ್ ಕುಟುಂಬಕ್ಕೆ ಜೋಸಿಫೋಸ್ ಎಂಬ ಹೆಸರು ಬಂದದ್ದು ಅದನ್ನು ಮೊದಲು ತಯಾರಿಸಿದ ತಂತ್ರಜ್ಞೆ ಜೋಸಿ ಪುಲಿಯೊ ಅವರಿಂದ. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗಿಯರ ಮುಖ ಅರಳುತ್ತಿತ್ತು.

ಒಂದೇ ರೂಪದ ಮದ್ದು ಎಂದರೆ ನಿರಪಾಯ ಎಂದು ಯಾರೂ ತಿಳಿಯಬಾರದು. ಗರ್ಭಿಣಿಯರು ಸೇವಿಸಿ ಮಕ್ಕಳು ಅಂಗವೈಕಲ್ಯದಿಂದ ಹುಟ್ಟಿದ ಥಾಲಿಡೊಮೈಡ್ ಔಷಧದ ಕಥೆಯನ್ನು ಹಲವರು ಹಾಗೆ ಹೇಳುತ್ತಾರೆ, ಒಂದು ರೂಪವನ್ನಷ್ಟೇ ಕೊಟ್ಟಿದ್ದರೆ ಮಕ್ಕಳು ಉಳಿಯುತ್ತಿದ್ದರು ಎಂದು. ಅದು ಸರಿಯಲ್ಲ. ಆ ಅಣುವಿನ ಎರಡು ರೂಪಗಳು ದೇಹದೊಳಗೇ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಕೂಡ ಆಲ್ಫಾ, ಬೀಟಾ ಎಂಬ ಎರಡು ರೂಪಗಳ ಸುಮಾರು 7:3 ಮಿಶ್ರಣವಾಗಿತ್ತು. ಅವು ಕನ್ನಡಿಯ ಬಿಂಬಗಳಲ್ಲ, ಆದರೂ ಅವುಗಳ ನಡವಳಿಕೆ ಬೇರೆ. ಬೀಟಾ ಮಣ್ಣಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸುವವರೆಗೆ ಇಲ್ಲಿನ ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಯಾರಿಗೂ ಇಂಥ ಒಂದು ವಿವರವನ್ನೂ ಯಾರೂ ಹೇಳಿರಲಿಲ್ಲ. ಮೈಮೇಲೆ ಬೀಳುವುದು ಏನು ಎಂದು ಕೇಳುವ ಹಕ್ಕನ್ನು ಈ ಊರು ಬಹಳ ದೊಡ್ಡ ಬೆಲೆ ತೆತ್ತು ಪಡೆದಿದೆ.

ಮಣ್ಣಿನ ವಿಷಯವೂ ಇದೆ. ಮೆಟಲಾಕ್ಸಿಲ್‌ನ ಎರಡು ರೂಪಗಳು ಮಣ್ಣಿನಲ್ಲಿ ಒಂದೇ ವೇಗದಲ್ಲಿ ಒಡೆದುಹೋಗುವುದಿಲ್ಲ. ಪಿಎಚ್ 5ಕ್ಕಿಂತ ಮೇಲಿನ ಗಾಳಿಯಾಡುವ ಮಣ್ಣಿನಲ್ಲಿ ಕೆಲಸದ ಆರ್ ಮೊದಲು ಒಡೆಯುತ್ತದೆ, ಬೇಡದ ಎಸ್ ಹಿಂದೆ ಉಳಿಯುತ್ತದೆ. 4ಕ್ಕಿಂತ ಕೆಳಗಿನ ಮಣ್ಣಿನಲ್ಲಿ ಇದು ತಲೆಕೆಳಗು. ನಮ್ಮದು ಹುಳಿ ಮಣ್ಣು, ನಾವು ಅದಕ್ಕೆ ಸುಣ್ಣ ಹಾಕುತ್ತೇವೆ. ಸುಣ್ಣ ಬಿದ್ದ ತೋಟದಲ್ಲಿ ಯಾವುದು ಎಷ್ಟು ದಿನ ಉಳಿಯುತ್ತದೆ, ಜೂನ್, ಜುಲೈ ಮಳೆಯಲ್ಲಿ ಯಾವುದು ಸುರಂಗಕ್ಕೆ ಇಳಿಯುತ್ತದೆ ಎಂಬುದನ್ನು ಯುರೋಪಿನ ಮಣ್ಣಿನ ಅಂಕಿಗಳಿಂದ ಹೇಳಲಾಗದು. ಇಲ್ಲಿಯೇ ಅಳೆಯಬೇಕು. ಕೈರಲ್ ಕಾಲಂ ಅಳವಡಿಸಿದ ಕ್ರೊಮ್ಯಾಟೊಗ್ರಫಿ ಎಂಬ ಬೇರ್ಪಡಿಸುವ ವಿಧಾನದಿಂದ ಎರಡನ್ನೂ ಬೇರೆ ಬೇರೆಯಾಗಿ ಅಳೆಯಬಹುದು. ಕೂಡ್ಲಿನಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗವಿದೆ. ಎರಡೂ ಸೇರಿ ಎಣ್ಮಕಜೆ, ಬದಿಯಡ್ಕ, ಪೈವಳಿಕೆಯ ಕೆಲವು ತೋಟ ಮತ್ತು ಸುರಂಗಗಳ ಮಾದರಿಗಳನ್ನು ಒಂದು ಮಳೆಗಾಲ ಪೂರ್ತಿ ಪರೀಕ್ಷಿಸಲಿ ಎಂದು ಕೋರುತ್ತೇನೆ. ನೀರು ತುಂಬಿಕೊಡಲು ನಮ್ಮಲ್ಲಿ ಜನರ ಕೊರತೆಯಿಲ್ಲ.

ಕೀಟನಾಶಕಗಳನ್ನು ನೋಂದಾಯಿಸುವ ಕೇಂದ್ರ ಮಂಡಳಿ ಕೈರಲ್ ಅಣುವಿರುವ ಪ್ರತಿ ಮದ್ದಿನ ಚೀಟಿಯ ಮೇಲೂ ಅದು ಮಿಶ್ರಣವೋ ಒಂದೇ ರೂಪವೋ, ಕೆಲಸ ಮಾಡುವ ರೂಪ ಶೇಕಡಾ ಎಷ್ಟು ಎಂಬುದನ್ನು ಮುದ್ರಿಸುವಂತೆ ಮಾಡಬೇಕು, ಕಾಸರಗೋಡಿನಲ್ಲಿ ಮಾರುವ ಪೊಟ್ಟಣದೊಳಗಿನ ಹಾಳೆಯಲ್ಲಿ ಕನ್ನಡದಲ್ಲೂ ಅದು ಇರಬೇಕು. ಅಷ್ಟಾಗುವವರೆಗೆ ಕೃಷಿ ಭವನದ ಅಧಿಕಾರಿಗಳು ಸಲಹೆ ಬರೆದುಕೊಡುವಾಗ ಬರಿಯ ಮೆಟಲಾಕ್ಸಿಲ್ ಎಂದು ನಿಲ್ಲಿಸದೆ ಪೂರ್ತಿ ಹೆಸರು, ಶೇಕಡಾವಾರು ಬರೆಯಲಿ. ತಮ್ಮ ಕೃಷಿ ಪುಟವೂ ಮುಂದಿನ ಸಲ ಯಾವುದೇ ಮದ್ದಿನ ಹೆಸರು ಅಚ್ಚು ಮಾಡುವಾಗ ಅದು ಯಾವ ರೂಪ ಎಂಬುದನ್ನು ಲೇಖಕರಿಂದ ಕೇಳಿ ಪಡೆದು ಪ್ರಕಟಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ, ಎಣ್ಮಕಜೆ, ಕಾಸರಗೋಡು ಜಿಲ್ಲೆ